ತೂಕ ಸರಿ, ತೋಳಿನ ಬಲ?

ಹೈದರಾಬಾದಿನ ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮೂಲ ಕೂನೂರು. ಅಲ್ಲಿ 1918ರಲ್ಲಿ ರಾಬರ್ಟ್ ಮ್ಯಾಕ್‌ಕ್ಯಾರಿಸನ್ ಬೆರಿಬೆರಿಯ ಬೆನ್ನುಹತ್ತಿ ಒಂದೇ ಕೋಣೆಯಲ್ಲಿ ಶುರುಮಾಡಿದ ಕೆಲಸ 1958ರಲ್ಲಿ ಈ ಊರಿಗೆ ಬಂತು. ಆ ಕಾಲದ ಚಿಂತೆಯೆಲ್ಲ ಕೊರತೆಯದು: ಸೊರಗಿದ ಮಕ್ಕಳು, ರಕ್ತಹೀನ ಬಸುರಿಯರು. ಅಜ್ಜ ಅಜ್ಜಿಯರ ತಟ್ಟೆಯಲ್ಲಿ ಏನಿದೆಯೆಂದು ಇಣುಕುವ ಪುರುಸೊತ್ತು ಯಾರಿಗೂ ಇರಲಿಲ್ಲ.

ದಖ್ಖನಿನ ಜೋಳ ಮಾತ್ರ ಬೇಗ ಕಣ್ಣಿಗೆ ಬಿತ್ತು. ಜೋಳವನ್ನೇ ನೆಚ್ಚಿದ ಬಡವರಲ್ಲಿ ನಯಾಸಿನ್ ಕೊರತೆಯ ಕಾಯಿಲೆ ಪೆಲಾಗ್ರ ಕಂಡು, ಸಂಸ್ಥೆಯ ಸಿ. ಗೋಪಾಲನ್ ಮತ್ತು ಶ್ರೀಕಂಠಯ್ಯ 1960ರಲ್ಲಿ ಜೋಳದಲ್ಲಿ ಹೇರಳವಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲದ ಮೇಲೆ ಅನುಮಾನಪಟ್ಟರು. ಈ ವಾದಕ್ಕೆ ಮುಂದೆ ಬೇಕಾದಷ್ಟು ತಕರಾರು ಬಂತು. ತಮಾಷೆಯೆಂದರೆ, ಮುಪ್ಪಿನಲ್ಲಿ ಸ್ನಾಯು ಕಟ್ಟಲು ದೇಹವನ್ನು ಎಬ್ಬಿಸುವುದು ಲ್ಯೂಸಿನ್ನೇ ಎಂದು ಇಂದಿನ ಸಂಶೋಧಕರು ಅದನ್ನು ಹಾಡಿ ಹೊಗಳುತ್ತಾರೆ. ಜೋಳದಲ್ಲಿ ಕಡಿಮೆಯಿರುವುದು ಲೈಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ. ಅದನ್ನು ತೊಗರಿಬೇಳೆ ತುಂಬಿಕೊಡುತ್ತದೆ. ಹಲ್ಲುದುರಿದ ಹಿರಿಯರು ರೊಟ್ಟಿ ಮುರಿದು ಬೇಳೆಸಾರಿನಲ್ಲಿ ನೆನೆಹಾಕಿ ತಿನ್ನುವುದು ಆ ಲೆಕ್ಕಕ್ಕೂ ಸರಿಹೊಂದುತ್ತದೆ.

ಮುಪ್ಪಿನ ಸ್ನಾಯುನಷ್ಟಕ್ಕೆ 'ಸಾರ್ಕೊಪೀನಿಯ' ಎಂಬ ಹೆಸರು ಕೊಟ್ಟು, 1989ರಲ್ಲಿ ವೈದ್ಯರ ಗಮನ ಅತ್ತ ತಿರುಗಿಸಿದವರು ಅಮೆರಿಕದ ಇರ್ವಿನ್ ರೋಸನ್‌ಬರ್ಗ್. ನಮ್ಮಲ್ಲಿ ತೂಕದ ಮೇಲಿನ ನಂಬಿಕೆಗೆ ಪೆಟ್ಟು ಕೊಟ್ಟದ್ದು ಪುಣೆಯ ವೈದ್ಯ ಯಾಜ್ಞಿಕ್ ಅವರು ಲಂಡನ್ನಿನ ವೈದ್ಯ ಯುಡ್ಕಿನ್ ಜೊತೆ 2004ರಲ್ಲಿ ಪ್ರಕಟಿಸಿದ, ತಮ್ಮಿಬ್ಬರದೇ ಒಂದು ಚಿತ್ರ. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) ಒಂದೇ, 22.3, ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ವಯಸ್ಸಾದಂತೆ ಸ್ನಾಯು ಕರಗಿದ ಜಾಗಕ್ಕೆ ಕೊಬ್ಬು ಬಂದು ಕೂತರೂ ತೂಕದ ಯಂತ್ರಕ್ಕೆ ಅದು ಗೊತ್ತೇ ಆಗದು.

ಹಾಗಾಗಿ ಅಳತೆ ಕೈಗೆ, ಕಾಲಿಗೆ ಇಳಿಯಿತು. ಏಷ್ಯಾದ ತಜ್ಞರ 2019ರ ಸೂತ್ರದಲ್ಲಿ ಕೈಹಿಡಿತ ಗಂಡಸರಿಗೆ 28 ಕಿಲೋಗಿಂತ, ಹೆಂಗಸರಿಗೆ 18ಕ್ಕಿಂತ ಕಡಿಮೆಯಿದ್ದರೆ ಅನುಮಾನಿಸಬೇಕು. ಇನ್ನೊಂದು ಪರೀಕ್ಷೆಗೆ ಕುರ್ಚಿಯೊಂದು ಸಾಕು: ಎದೆಗೆ ಕೈಕಟ್ಟಿ ಐದು ಸಲ ಎದ್ದು ಕೂರಲು 12 ಸೆಕೆಂಡೋ ಅದಕ್ಕೂ ಹೆಚ್ಚೋ ಹಿಡಿದರೆ ಸ್ನಾಯು ಸೋಲುತ್ತಿದೆ ಎಂದರ್ಥ.

ಊಟದ ಲೆಕ್ಕ ಇನ್ನೂ ಎಳೆದಾಟದಲ್ಲಿದೆ. 2020ರ ಭಾರತೀಯ ಶಿಫಾರಸು ದೇಹತೂಕದ ಕಿಲೋಗೆ 0.83 ಗ್ರಾಂ ಪ್ರೋಟೀನ್. 2013ರಲ್ಲೇ ಅಂತರರಾಷ್ಟ್ರೀಯ ತಜ್ಞರ ತಂಡವೊಂದು 65 ದಾಟಿದವರಿಗೆ 1ರಿಂದ 1.2 ಗ್ರಾಂ ಬೇಕೆಂದಿತ್ತು. 55 ಕಿಲೋ ತೂಗುವ ಅಜ್ಜಿಗೆ ಮೊದಲ ಲೆಕ್ಕದಲ್ಲಿ ದಿನಕ್ಕೆ 46 ಗ್ರಾಂ, ಎರಡನೆಯದರಲ್ಲಿ 55ರಿಂದ 66. ಆಕೆ ರಾತ್ರಿ "ಹಸಿವಿಲ್ಲ ಕಣೇ" ಎಂದು ಒಂದು ಬಟ್ಟಲು ಮೊಸರನ್ನ ಉಂಡು ಮಲಗಿದರೆ ಸಿಗುವುದು ಏಳೆಂಟು ಗ್ರಾಂ. ನನ್ನ ಮಟ್ಟಿಗೆ ತೊಂದರೆ ಇರುವುದು ಆ ರಾತ್ರಿಯೂಟದಲ್ಲಿ. ಪ್ರೋಟೀನ್ ಪುಡಿಯ ಡಬ್ಬಿ ತರಬೇಕಿಲ್ಲ. ಹೈದರಾಬಾದ್ ಸಂಸ್ಥೆಯ 2024ರ ಮಾರ್ಗಸೂಚಿಯೂ ಅದು ಬೇಡವೆಂದೇ ಹೇಳಿದೆ. ಮೊಸರನ್ನದ ಮುಂಚೆ ಗಟ್ಟಿ ಬೇಳೆ, ತಿನ್ನುವವರಾದರೆ ಒಂದು ಮೊಟ್ಟೆ, ಜೊತೆಗೆ ದಿನವೂ ಅದೇ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ. ಮೂತ್ರಪಿಂಡದ ಕಾಯಿಲೆಯಿದ್ದವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸುವಂತಿಲ್ಲ.