ರೋಡ್ರಿಗ್ಸ್ ದ್ವೀಪದ ಒಂಟಿ ಗಿಡ

ಹಿಂದೂ ಮಹಾಸಾಗರದಲ್ಲಿ, ಮಾರಿಷಸ್‌ನಿಂದ ಪೂರ್ವಕ್ಕೆ ಐನೂರು ಕಿಲೋಮೀಟರಿಗೂ ಆಚೆ, ರೋಡ್ರಿಗ್ಸ್ ಎಂಬ ಪುಟ್ಟ ದ್ವೀಪವಿದೆ. ವಿಸ್ತೀರ್ಣ ಸುಮಾರು 108 ಚದರ ಕಿಲೋಮೀಟರು; ನಮ್ಮಲ್ಲಿನ ಒಂದು ಹೋಬಳಿಯಷ್ಟು ಎನ್ನಬಹುದು. ಬೇರೆಲ್ಲಿಯೂ ಹುಟ್ಟದ ಒಂದು ಹೂಗಿಡ ಅಲ್ಲಿನದು. ದ್ವೀಪವಾಸಿಗಳು ಅದನ್ನು ‘ಕಾಫೆ ಮಾರೋನ್’, ಅಂದರೆ ಕಾಡುಕಾಫಿ, ಎಂದು ಕರೆಯುತ್ತಾರೆ. ‘ಮಾರೋನ್’ ಎಂಬುದು ಒಡೆಯರಿಂದ ತಪ್ಪಿಸಿಕೊಂಡು ಕಾಡು ಸೇರಿದ ಗುಲಾಮರಿಗೂ ಇದ್ದ ಹೆಸರು. ನಕ್ಷತ್ರದಂತಹ ಬಿಳಿಯ ಹೂ. ಕಾಫಿಯ ಕುಟುಂಬದ ಗಿಡ. ಹಾಗೆ ನೋಡಿದರೆ ನಮ್ಮ ಗುಡ್ಡದ ಕೇಪಳವೂ ಅದರ ದಾಯಾದಿಯೇ.

1691ರಲ್ಲಿ ಫ್ರಾನ್ಸುವಾ ಲೆಗಾ ಮತ್ತು ಸಂಗಡಿಗರು ಅಲ್ಲಿ ಇಳಿದಾಗ ದ್ವೀಪದ ತುಂಬ ದೈತ್ಯ ಆಮೆಗಳಿದ್ದವು. ಕಾಫೆ ಮಾರೋನಿನ ಎಳೆಯ ಗಿಡದ ಎಲೆಗಳು ಕಂದುಬಣ್ಣದ ಉದ್ದನೆಯ ಪಟ್ಟಿಗಳಂತಿದ್ದು, ಗಿಡ ಎತ್ತರವಾದ ಮೇಲೆ ಅಗಲವಾಗಿ ಹಸುರಾಗುತ್ತವೆ. ಆಮೆಯ ಕಣ್ಣು ತಪ್ಪಿಸಲೆಂದೇ ಈ ವೇಷವಿರಬೇಕೆಂದು ವಿಜ್ಞಾನಿಗಳ ಊಹೆ. ಆದರೆ ಮನುಷ್ಯನ ಕೊಡಲಿಗೂ ಅವನು ತಂದ ಮೇಕೆಗಳಿಗೂ ಆ ಉಪಾಯ ನಡೆಯಲಿಲ್ಲ. 1874ರಲ್ಲಿ ಶುಕ್ರ ಸಂಕ್ರಮಣವನ್ನು ವೀಕ್ಷಿಸಲು ಬಂದ ಬ್ರಿಟಿಷ್ ತಂಡದೊಡನೆ ಐಸಾಕ್ ಬೇಲಿ ಬಾಲ್ಫರ್ ಎಂಬ ಸಸ್ಯಶಾಸ್ತ್ರಜ್ಞರೂ ಬಂದು ಅಲ್ಲಿನ ಸಸ್ಯಗಳನ್ನು ದಾಖಲಿಸಿದರು. ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಈ ಗಿಡ ಅಳಿದೇ ಹೋಯಿತೆಂದು ಎಲ್ಲರೂ ನಂಬಿದ್ದರು.

ಮುಂದಿನದು ನಮ್ಮ ವೃತ್ತಿಬಾಂಧವರೊಬ್ಬರ ಕತೆ. 1980ರ ಸುಮಾರಿಗೆ ಅಲ್ಲಿನ ಉಪಾಧ್ಯಾಯರೊಬ್ಬರು ಮಕ್ಕಳಿಗೆ ದ್ವೀಪದ ಸಸ್ಯಗಳನ್ನು ಹುಡುಕಿ ತರುವಂತೆ ಹೇಳಿದರು. (ನಾನೂ ಹೀಗೆ ಹೇಳುತ್ತಿದ್ದೆ, ನೀವು ತರುತ್ತಿದ್ದುದು ಬಹುಪಾಲು ಶಾಲೆಯ ಬೇಲಿಯ ಲಂಟಾನವನ್ನೇ!) ಒಬ್ಬ ಹುಡುಗ ತಂದ ರೆಂಬೆ ಕಾಫೆ ಮಾರೋನಿನದಾಗಿತ್ತು. ಜಗತ್ತಿನಲ್ಲಿ ಉಳಿದಿದ್ದ ಆ ಒಂದೇ ಗಿಡ ರಸ್ತೆಯ ಬದಿಯಲ್ಲಿ ನಿಂತಿತ್ತು.

ಸುದ್ದಿ ಹಬ್ಬಿದ್ದೇ ಗಿಡಕ್ಕೆ ಕುತ್ತಾಯಿತು. ಕುಡಿತದ ಮರುದಿನದ ತಲೆನೋವಿಗೂ ಗುಪ್ತರೋಗಕ್ಕೂ ಅದು ಮದ್ದೆಂಬ ನಂಬಿಕೆಯಿಂದ ಜನ ಬೇಲಿ ಹಾರಿ ರೆಂಬೆ ಮುರಿಯತೊಡಗಿದರು. ಬೇಲಿಯ ಮೇಲೆ ಬೇಲಿ ಹಾಕಬೇಕಾಯಿತು. 1986ರಲ್ಲಿ ಅದರ ಕಡ್ಡಿಗಳನ್ನು ವಿಮಾನದಲ್ಲಿ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಕಳುಹಿಸಿದರು. ಬೇರು ಬಿಟ್ಟದ್ದು ಒಂದೇ. ಅದರಿಂದ ಮತ್ತಷ್ಟು ಗಿಡಗಳಾದವು, ಧಾರಾಳವಾಗಿ ಹೂ ಬಿಟ್ಟವು. ಬೀಜ ಮಾತ್ರ ಕಟ್ಟಲಿಲ್ಲ. ಬೀಜವಿಲ್ಲದಿದ್ದರೆ ಎಷ್ಟು ಗಿಡಗಳಿದ್ದರೇನು, ಎಲ್ಲವೂ ಆ ಒಂದೇ ಗಿಡದ ಪಡಿಯಚ್ಚು. ಕೊನೆಗೆ ಕ್ಯೂನ ತೋಟಗಾರ ಕಾರ್ಲೋಸ್ ಮ್ಯಾಗ್ಡಲೀನಾ ಹಲವಾರು ಹೂಗಳ ಮೇಲೆ ಪ್ರಯೋಗ ನಡೆಸಿ, ಶಲಾಕೆಯ ತುದಿಯನ್ನು ಕತ್ತರಿಸಿ ಅಲ್ಲಿಯೇ ಪರಾಗವನ್ನಿಟ್ಟು, 2003ರಲ್ಲಿ ಬೀಜ ಪಡೆದರು. ಮುಂದೆ ಬೀಜಗಳನ್ನು ರೋಡ್ರಿಗ್ಸ್‌ಗೇ ಕಳುಹಿಸಿದರು. ಅವು ಅಲ್ಲಿ ಮೊಳೆತು ಸಸಿಗಳಾದವು.