ತಟ್ಟಿಯಿಂದ ಪರದೆಗೆ

ಏಪ್ರಿಲ್ ತಿಂಗಳ ಎರಡನೆಯ ವಾರ ಬಂತೆಂದರೆ ನಮ್ಮ ಮನೆಯ ಪರದೆಗಳೆಲ್ಲ ಕೆಳಗಿಳಿಯುತ್ತವೆ. ಬಿಸು ಹಬ್ಬಕ್ಕೆ ನಾಲ್ಕೈದು ದಿನವಿರುವಾಗ ಮನೆಯಾಕೆ ಸೆರಗು ಬಿಗಿದು ನಿಂತಳೆಂದರೆ, ಕಾಲೇಜಿನಲ್ಲಿ ಪಂಪ ರನ್ನರನ್ನು ಪಾಠ ಹೇಳುವ ನನ್ನ ವಿದ್ವತ್ತಿಗೆ ಮೂರು ಕಾಸಿನ ಬೆಲೆಯಿಲ್ಲ. ಸ್ಟೂಲು ಹತ್ತಿ ಪರದೆಯ ಬಳೆಗಳನ್ನು ಒಂದೊಂದಾಗಿ ಕಳಚುವುದು, ಹಳೆಯ ಪತ್ರಿಕೆಯ ಹಾಳೆಯನ್ನು ನೀರಿನಲ್ಲಿ ಅದ್ದಿ ಕಿಟಕಿಯ ಗಾಜನ್ನು ತಿಕ್ಕುವುದು, ಇವೆರಡು ನನ್ನ ಪಾಲಿನ ಕೆಲಸ. ಈ ಪುರವಣಿಯ ಹಾಳೆಗಳೂ ಆ ಸೇವೆಗೆ ಸಂದಿವೆಯೆಂಬುದನ್ನು ಸಂಪಾದಕರು ಮನ್ನಿಸಬೇಕು.

ಈ ವರ್ಷ ಗಾಜು ತಿಕ್ಕುತ್ತಿದ್ದಾಗ ಹೊಳೆಯಿತು: ನಾವು 'ಹಿಂದಿನಿಂದ ನಡೆದುಬಂದುದು' ಎಂದು ಮಾಡುತ್ತಿರುವ ಈ ಕೆಲಸದಲ್ಲಿ ಹಿಂದಿನದು ಎಷ್ಟು? ನನ್ನ ಅಜ್ಜಿಯ ಮನೆ ಇದ್ದುದು ಸವಣೂರಿನಲ್ಲಿ. ನವಾಬರು ಆಳಿದ ಹಾವೇರಿ ಜಿಲ್ಲೆಯ ಸವಣೂರಲ್ಲ. ಪುತ್ತೂರಿನಿಂದ ಕಾಣಿಯೂರಿಗೆ ಹೋಗುವ ದಾರಿಯಲ್ಲಿ, ಅಡಿಕೆ ತೋಟಗಳ ನಡುವೆ ಸಿಗುವ ಸವಣೂರು. ಬಿಸುವಿನ ಮುಂಚೆ ಮನೆ ತೊಳೆಯುವ ಸಂಭ್ರಮ ಅಲ್ಲಿಯೂ ಇತ್ತು. ಆದರೆ ಅಜ್ಜಿ ಮದುವೆಯಾಗಿ ಬಂದಾಗ ಆ ಮನೆಗೆ ಪರದೆಯಿರಲಿಲ್ಲ, ಗಾಜಿರಲಿಲ್ಲ, ಹೇಳಿಕೊಳ್ಳುವಂಥ ಕಿಟಕಿಯೂ ಇರಲಿಲ್ಲ. ಮನೆ ತೊಳೆಯುವುದು ಬಲು ಹಳೆಯದು, ಕಿಟಕಿ ಈಚಿನದು, ಪರದೆಯಂತೂ ನಿನ್ನೆಯದು.

ಮಾತುಗಳೇ ಇದಕ್ಕೆ ಸಾಕ್ಷಿ. ಸಂಸ್ಕೃತದಿಂದ ನಾವು ಪಡೆದ 'ಗವಾಕ್ಷ' ಎಂದರೆ ಗೋವಿನ ಕಣ್ಣು. 'ವಾತಾಯನ' ಎಂದರೆ ಗಾಳಿಯ ದಾರಿ. ಇಂಗ್ಲಿಷರ 'ವಿಂಡೋ' ಕೂಡ ಉತ್ತರದ ನಾರ್ಸ್ ಭಾಷೆಯಿಂದ ಬಂದುದು. ಅದರ ಅರ್ಥ ಗಾಳಿಯ ಕಣ್ಣು. ದೂರದ ಎರಡು ನಾಡಿನವರು ಗೋಡೆಯ ರಂಧ್ರವನ್ನು ಕಂಡು ಕಣ್ಣನ್ನೇ ನೆನೆದದ್ದು ಸೋಜಿಗವಲ್ಲವೆ? ಆದರೆ ಗವಾಕ್ಷ, ವಾತಾಯನಗಳು ಅರಮನೆಯ ಮತ್ತು ಕಾವ್ಯದ ಮಾತುಗಳು. ನಮ್ಮ ಜನರ ಬಾಯಲ್ಲಿ ಇದ್ದುದು 'ಕಿಂಡಿ', 'ಕಂಡಿ', 'ಬೆಳಕಿಂಡಿ'. ಉಡುಪಿಯ ಕನಕನ ಕಿಂಡಿಯನ್ನು ಕನಕನ ಕಿಟಕಿ ಎಂದು ಯಾರೂ ಕರೆಯುವುದಿಲ್ಲ. 'ಕಿಟಕಿ' ಎಂಬುದು ಉತ್ತರದ 'ಖಿಡಕಿ'ಯ ನಂಟ. ನಮ್ಮ ನೆರೆಯ ಮಲಯಾಳದ 'ಜನಲ್', ತಮಿಳಿನ 'ಜನ್ನಲ್' ಪೋರ್ಚುಗೀಸರ 'ಜನೇಲ'ದಿಂದ ಹುಟ್ಟಿದವು. ಹದಿನಾರನೆಯ ಶತಮಾನದಲ್ಲಿ ಹಡಗಿನಲ್ಲಿ ಬಂದ ಮಾತು ಕರಾವಳಿಯ ಗೋಡೆಗಳಲ್ಲಿ ನೆಲಸಿತು.

ಪರದೆಯ ಕಥೆಯೂ ಹೀಗೆಯೇ. 'ಪರದೆ' ಪಾರಸಿಯಿಂದ ಬಂದ ಮಾತು. 'ಜವನಿಕೆ' ನಾಟಕದ್ದು. ಅಚ್ಚಗನ್ನಡದ 'ತೆರೆ'ಯನ್ನು ನಮ್ಮ ಕಡೆಯ ಹಳ್ಳಿಗರು ಕಂಡದ್ದು ಎರಡೇ ಕಡೆ: ಯಕ್ಷಗಾನದ ರಂಗದಲ್ಲಿ ವೇಷದ ಮುಂದೆ, ಮತ್ತು ಮದುವೆಯ ಮಂಟಪದಲ್ಲಿ ಅಂತರಪಟವಾಗಿ. ಎರಡು ಕಡೆಯೂ ಅದು ಸರಿಸುವುದಕ್ಕಾಗಿಯೇ ಹಿಡಿದ ಬಟ್ಟೆ. ಮನೆಯ ಗೋಡೆಗೆ ದಿನವಿಡೀ ಬಟ್ಟೆ ತೂಗಹಾಕುವುದೆಂದರೆ, ಉಡಲು ಎರಡು ಸೀರೆಯಿಲ್ಲದ ಹೆಂಗಸರಿದ್ದ ಕಾಲದಲ್ಲಿ, ಹುಚ್ಚೆನಿಸಿಕೊಳ್ಳುತ್ತಿತ್ತು.

ಹಾಗಾದರೆ ಹಳೆಯ ಮನೆಗೆ ಮರೆ ಇರಲಿಲ್ಲವೆ? ಇತ್ತು, ಅದು ಬಟ್ಟೆಯದಲ್ಲ, ಮಡಲಿನದು. ವರ್ಷಕ್ಕೆ ಸುಮಾರು 4,000 ಮಿಲಿಮೀಟರಿನಷ್ಟು ಮಳೆ, ಅದರಲ್ಲಿ ಹೆಚ್ಚಿನದು ಜೂನಿನಿಂದ ಸೆಪ್ಟೆಂಬರಿನ ಒಳಗೆ ಸುರಿಯುವ ಸೀಮೆ ಇದು. ಮಣ್ಣಿನ ಗೋಡೆಗೆ ಓರೆಮಳೆಯ ಎರಚಲು ಬಡಿದರೆ ಗೋಡೆಯೇ ಕರಗಿ ಕುಸಿಯುತ್ತದೆ. ಆದುದರಿಂದ ಮುಳಿಹುಲ್ಲಿನ ಮಾಡು ಮನುಷ್ಯ ಬಗ್ಗಿ ಒಳಹೊಗಬೇಕಾದಷ್ಟು ಕೆಳಗಿಳಿಯುತ್ತಿತ್ತು. ಕಿಂಡಿಗಳು ಅಂಗೈ ಅಗಲದವಾಗಿದ್ದುವು. ಮಳೆಗಾಲಕ್ಕೆ ಮುಂಚೆ ತೆಂಗಿನ ಮಡಲನ್ನು ಹೆಣೆದು, ಅಡಿಕೆಯ ಸೋಗೆಯನ್ನು ಜೋಡಿಸಿ, ತಟ್ಟಿ ಮಾಡಿ ಜಗಲಿಯ ಸುತ್ತ ಕಟ್ಟುತ್ತಿದ್ದರು. ನಾಲ್ಕು ತಿಂಗಳು ಆ ತಟ್ಟಿಯ ಹಿಂದಿನ ಕತ್ತಲೆಯಲ್ಲಿಯೇ ಅಡಿಗೆ, ಊಟ, ಬಾಣಂತನ ಎಲ್ಲ. ಮಳೆ ಬಿಟ್ಟ ಮೇಲೆ ತಟ್ಟಿ ಇಳಿಯುತ್ತಿತ್ತು. ಹಳತಾದುದು ಬಚ್ಚಲೊಲೆಗೆ ಸೇರುತ್ತಿತ್ತು. ನಮ್ಮ ಸೀಮೆಯ ಮೊದಲ ಪರದೆಯೆಂದರೆ ಇದೇ.

ವಸಂತದಲ್ಲಿ ಮನೆಯನ್ನು ಕೊಡಹಿ ತೊಳೆಯುವ ರೂಢಿ ಲೋಕದಲ್ಲೆಲ್ಲ ಉಂಟು. ಪಾರಸಿ ನಾಡಿನವರು ನವರೋಜಿಗೆ ಮುಂಚೆ ಮಾಡುವ ಕೆಲಸಕ್ಕೆ 'ಖಾನೆ ತಕಾನಿ' ಎಂದು ಹೆಸರು. ಮಾತಿಗೆ ಮಾತು ಅರ್ಥ ಹೇಳಿದರೆ 'ಮನೆ ಕೊಡಹುವುದು' ಎಂದೇ ಆಗುತ್ತದೆ. ಯೆಹೂದ್ಯರು ಪೆಸಾಹ್ ಹಬ್ಬಕ್ಕೆ ಮುಂಚೆ ಹುಳಿಹಿಟ್ಟಿನ ಕಣವೂ ಉಳಿಯದಂತೆ ಮೂಲೆಮೂಲೆಯನ್ನು ಗುಡಿಸುತ್ತಾರೆ. ಇಂಗ್ಲೆಂಡಿನಂಥ ಚಳಿನಾಡಿನಲ್ಲಿ ಚಳಿಗಾಲವಿಡೀ ಕಿಟಕಿ ಮುಚ್ಚಿ ಕಲ್ಲಿದ್ದಲು ಉರಿಸಿ, ಬಿಸಿಲು ಬಂದಾಗ ಕಿಟಕಿ ತೆರೆದು, ಪರದೆಗೆ ಹತ್ತಿದ ಮಸಿಯನ್ನು ಒಗೆಯುತ್ತಿದ್ದರು. ಅಲ್ಲಿ ಮನೆಯನ್ನು ಮುಚ್ಚಿಸುವುದು ಚಳಿ, ಇಲ್ಲಿ ಮಳೆ. ಅಲ್ಲಿಯ ಕೊಳೆ ಕಲ್ಲಿದ್ದಲಿನ ಮಸಿ. ಇಲ್ಲಿಯದು ಬೂಸು ಮತ್ತು ಇಲ್ಲಣ.

ಮಳೆ ಮುಗಿಯುವುದು ಸೆಪ್ಟೆಂಬರಿನಲ್ಲಾದರೆ ಮನೆ ತೊಳೆಯಲು ಏಪ್ರಿಲ್‌ವರೆಗೆ ಕಾಯುವುದೇಕೆ ಎಂದು ವಾಚಕರು ಕೇಳಬಹುದು. ನಿಜವಾಗಿ ಕೆಲಸ ಮೂರು ಕಂತಿನಲ್ಲಿ ನಡೆಯುತ್ತಿತ್ತು. ಮಳೆ ಬಿಟ್ಟ ಮೇಲೆ ಅಂಗಳದ ಸರದಿ: ಹುಲ್ಲು ಕೆತ್ತಿ, ಮಣ್ಣು ಬಡಿದು, ಸೆಗಣಿ ಸಾರಿಸಿ, ಬತ್ತ ಬಡಿಯಲು ಅಡಿಕೆ ಒಣಗಿಸಲು ನೆಲವನ್ನು ಅಣಿಮಾಡುವುದು. ಫೆಬ್ರವರಿಯ ನಡುವೆ ಬರುವ ಕೆಡ್ಡಸದಲ್ಲಿ ಭೂಮಿತಾಯಿ ಮುಟ್ಟಾಗುತ್ತಾಳೆಂದು ತುಳುನಾಡಿನವರ ನಂಬಿಕೆ. ಮೂರು ದಿನ ನೆಲ ಅಗೆಯುವಂತಿಲ್ಲ, ಉಳುವಂತಿಲ್ಲ. ಕೊನೆಗೆ ಅಂಗಳ ಸಾರಿಸಿ, ತುಳಸಿಕಟ್ಟೆಯ ಬಳಿ ಭೂಮಿಗೆ ಎಣ್ಣೆ, ಸೀಗೆ, ಅರಸಿನ, ಕುಂಕುಮಗಳನ್ನು ಇಟ್ಟು ಅವಳಿಗೆ ಮೀಯಲು ಒಪ್ಪಿಸುತ್ತಾರೆ. ಮೂರನೆಯ ಕಂತು ಬಿಸುವಿನದು. ಬೇಸಗೆಯಲ್ಲಿಯೇ ಮಾಡಿನ ಹಳೆಯ ಹುಲ್ಲು ಇಳಿಸಿ ಹೊಸತು ಹೊದಿಸಬೇಕಲ್ಲವೆ? ಹಾಗೆ ಇಳಿಸುವಾಗ ಒಲೆಯ ಹೊಗೆಯಿಂದ ಕಟ್ಟಿದ ಇಲ್ಲಣವೆಲ್ಲ ಪಾತ್ರೆ ಹಾಸಿಗೆಗಳ ಮೇಲೆ ಉದುರುತ್ತಿತ್ತು. ಹಬ್ಬವಿರಲಿ ಬಿಡಲಿ, ಮನೆ ತೊಳೆಯದೆ ವಿಧಿಯಿರಲಿಲ್ಲ. ಹಬ್ಬ ಆ ದುಡಿಮೆಗೆ ಒಂದು ಗೌರವವನ್ನು ಕೊಟ್ಟಿತು. ಪುತ್ತೂರು ಸೀಮೆಯವರಿಗೆ ಇನ್ನೊಂದು ಕಾರಣವೂ ಉಂಟು: ಏಪ್ರಿಲ್ 10ಕ್ಕೆ ಮಹಾಲಿಂಗೇಶ್ವರನ ಜಾತ್ರೆಗೆ ಕೊಡಿ ಏರುತ್ತದೆ, 17ಕ್ಕೆ ತೇರು, ಮನೆಗೆ ನೆಂಟರು ಬರುವ ಕಾಲ. ಬಿಸುವಿನ ಮುಂಜಾನೆ ಅಕ್ಕಿ, ತೆಂಗಿನಕಾಯಿ, ಅಡಿಕೆ, ತರಕಾರಿಗಳ ನಡುವೆ ಕನ್ನಡಿಯಿಟ್ಟು ಕಣಿ ಕಾಣುತ್ತಾರೆ. ಅಜ್ಜಿಯ ಮನೆಯಲ್ಲಿ ಬಹಳ ಕಾಲ ಆ ಕನ್ನಡಿಯೊಂದೇ ಗಾಜು.

ಆ ಸೀಮೆಗೆ ಕಿಟಕಿಯನ್ನು ತಂದವರು ಯಾರು? ಮೊದಲಾಗಿ ಹಂಚು ಎನ್ನಬೇಕು. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದನು. ಹಂಚಿನ ಮಾಡನ್ನು ವರ್ಷವರ್ಷ ಹೊದಿಸಬೇಕಿಲ್ಲ. ಅದಕ್ಕೆ ಬೆಂಕಿಯ ಭಯ ಕಡಮೆ. ಗೋಡೆ ಎತ್ತರವಾಯಿತು, ಎತ್ತರದ ಗೋಡೆಯಲ್ಲಿ ಮರದ ಸರಳಿನ ಕಿಟಕಿಗೆ ಎಡೆ ದೊರೆಯಿತು. ಎರಡನೆಯದು ರೋಗಭಯ. 1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಗುರುತಿಸಿದ ಮೇಲೆ ಗಾಳಿ ಬೆಳಕುಗಳ ಮಾತು ವೈದ್ಯರ ಬಾಯಲ್ಲಿ ಬಲವಾಯಿತು. 1896ರಲ್ಲಿ ಮುಂಬಯಿಗೆ, 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಕ್ಕಟ್ಟಿನ ಪೇಟೆಯನ್ನು ಬಿಟ್ಟು ಜನ ಹೊರಬಂದಾಗ ಮಲ್ಲೇಶ್ವರ, ಬಸವನಗುಡಿಗಳು ಬೆಳೆದುವು. ಅಗಲ ಬೀದಿಯ ಮನೆಗೆ ದೊಡ್ಡ ಕಿಟಕಿ ಬೇಕೆಂಬುದನ್ನು ನಗರದವರು ಕಲಿತದ್ದು ಸಾವಿನ ಪಾಠಶಾಲೆಯಲ್ಲಿ.

ಆದರೆ ಹಂಚು ಮಂಗಳೂರಿನಲ್ಲಿ ತಯಾರಾದ ಮಾತ್ರಕ್ಕೆ ಎಲ್ಲರ ಮನೆಗೂ ಬಂತೆಂದು ತಿಳಿಯಬಾರದು. ಕಿಟಕಿಯೆಂದರೆ ಕೇವಲ ಮರ, ಸರಳುಗಳ ಪ್ರಶ್ನೆಯಲ್ಲ. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿಯ ಮೇಲೆ ತೆರಿಗೆಯಿತ್ತು. ಅದನ್ನು ತಪ್ಪಿಸಿಕೊಳ್ಳಲು ಜನ ಇದ್ದ ಕಿಟಕಿಗೇ ಇಟ್ಟಿಗೆಯಿಟ್ಟು ಮುಚ್ಚಿದರು. ನಮ್ಮಲ್ಲಿ ಅಂಥ ತೆರಿಗೆಯಿರಲಿಲ್ಲ. ಅದರ ಕೆಲಸವನ್ನು ಗೇಣಿ ಮಾಡಿತು.

ದಕ್ಷಿಣ ಕನ್ನಡದಲ್ಲಿ ಗೇಣಿ ಎರಡು ಬಗೆ. ಮೂಲಗೇಣಿಯವನಿಗೆ ನೆಲದ ಮೇಲೆ ಕಾಯಂ ಹಕ್ಕು, ಗೊತ್ತಾದ ಗೇಣಿ. ಚಾಲಗೇಣಿಯವನದು ಧಣಿಯ ಮರ್ಜಿಯ ಬಾಳು. ಗೇಣಿಯೂ ಏರಬಹುದು, ಬಿಡೆಂದಾಗ ಬಿಡಲೂ ಬೇಕಾಗಬಹುದು. ನನ್ನ ಅಜ್ಜ ಚಾಲಗೇಣಿಯ ಒಕ್ಕಲು. ಬಿಸುವಿನ ದಿನ ಧಣಿಗಳ ಮನೆಗೆ ಸೌತೆ, ಕುಂಬಳ, ಬಾಳೆಗೊನೆ ಹೊತ್ತು ಹೋಗಿ ಕಾಣಿಕೆಯಿಟ್ಟು ಬರುತ್ತಿದ್ದನಂತೆ. ಅದರ ಹಿಂದಿನ ದಿನವೆಲ್ಲ ಅಜ್ಜಿ ತನ್ನ ಮನೆಯ ಇಲ್ಲಣ ತೆಗೆದು, ಹಿಡಿಸೂಡಿಯಿಂದ ಗುಡಿಸಿ, ಸೆಗಣಿಗೆ ಮಸಿ ಬೆರಸಿ ನೆಲ ಸಾರಿಸುತ್ತಿದ್ದಳು. "ಆಗ ಒಂದು ಕಿಟಕಿಯನ್ನಾದರೂ ಇಡಿಸಬಹುದಿತ್ತಲ್ಲ ಅಜ್ಜಿ" ಎಂದು ನಾನೊಮ್ಮೆ ಕೇಳಿದ್ದೆ. "ನಮ್ಮದಲ್ಲದ ಗೋಡೆಗೆ ಕಂಡಿ ಕೊರೆಯುವುದು ಯಾರಿಗೆ ಬೇಕಾಗಿ ಮಗಾ?" ಎಂದಳು. ನಾಳೆ ಬಿಡಬೇಕಾದೀತೆಂಬ ಮನೆಯನ್ನು ವರ್ಷವರ್ಷ ತೊಳೆಯುವುದಕ್ಕೆ ಅವಳಿಗೆ ಬೇಸರವಿರಲಿಲ್ಲ. ಅದಕ್ಕೆ ಕಣ್ಣು ಕೊರೆಸಲು ಮಾತ್ರ ಧೈರ್ಯವಿರಲಿಲ್ಲ.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಕಾನೂನು ಉಳುವವನನ್ನು ಹೊಲದೊಡೆಯನನ್ನಾಗಿ ಮಾಡಿತು. ಅಜ್ಜನೂ ಎಲ್ಲರಂತೆ 'ಡಿಕ್ಲರೇಶನ್' ಕೊಟ್ಟನು. ಭೂನ್ಯಾಯ ಮಂಡಳಿಯಲ್ಲಿ ಅವನ ಪರವಾಗಿ ತೀರ್ಪಾಯಿತು. ಕೈಗೆ ಹಣ ಬಂದಾಗ ಮೊದಲು ಮಾಡಿಸಿದ್ದು ಹಂಚಿನ ಮಾಡು ಮತ್ತು ನಾಲ್ಕು ಕಿಟಕಿ. ಕಾನೂನು ತಂದ ಬದಲಾವಣೆಯನ್ನು ನಾವು ಎಕರೆಗಳಲ್ಲಿ ಎಣಿಸುತ್ತೇವೆ. ಅಜ್ಜಿ ಅದನ್ನು ಕಿಟಕಿಗಳಲ್ಲಿ ಎಣಿಸುತ್ತಿದ್ದಳು. ಇಷ್ಟಾಗಿಯೂ ಗೇಣಿಯ ನೆಲವೇ ಇಲ್ಲದೆ ಕೂಲಿಯಲ್ಲಿ ಬದುಕಿದವರಿಗೆ ಆ ಕಾನೂನಿನಿಂದ ಸಾಗುವಳಿಯ ಭೂಮಿ ದೊರೆಯಲಿಲ್ಲ. ಪುತ್ತೂರಿನಲ್ಲಿ ಬಹುಕಾಲ ಬಾಳಿದ ಶಿವರಾಮ ಕಾರಂತರು 1933ರ 'ಚೋಮನ ದುಡಿ'ಯಲ್ಲಿ ಗೇಣಿಗೊಂದು ತುಂಡು ನೆಲ ಬೇಕೆಂಬ ಆಸೆಯೇ ಅಪರಾಧವಾದವನ ಕಥೆಯನ್ನು ಹೇಳಿದ್ದಾರೆ. ಅಂಥವನ ಗುಡಿಸಲಿಗೆ ಕಿಟಕಿ ಬರುವುದು ಇನ್ನೂ ತಡವಾಯಿತು. ಧಣಿಗಳ ಅಂಗಳವನ್ನು ವರ್ಷವರ್ಷ ಕೆತ್ತಿ ಬಡಿದು ಅಣಿಮಾಡುತ್ತಿದ್ದವರು ಅವರೇ ಎಂಬುದನ್ನೂ ಮರೆಯಲಾಗದು.

ಕಿಟಕಿ ಬಂತು; ಆದರೂ ಹತ್ತು ವರ್ಷ ಪರದೆ ಬರಲಿಲ್ಲ, ಬೇಕಾಗಲೂ ಇಲ್ಲ. ಹಗಲು ಹೊರಗೆ ಬಿಸಿಲು, ಒಳಗೆ ಕತ್ತಲು. ದಾರಿಹೋಕನಿಗೆ ಒಳಗಿನದು ಕಾಣಿಸದು. ರಾತ್ರಿ ಚಿಮಿಣಿಯೆಣ್ಣೆಯ ದೀಪದಲ್ಲಿ ಒಳಗಿದ್ದವರಿಗೇ ಒಬ್ಬರ ಮುಖ ಒಬ್ಬರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ವಿದ್ಯುದ್ದೀಪ ಬಂದ ದಿನ ಎಲ್ಲವೂ ತಲೆಕೆಳಗಾಯಿತು. ಕತ್ತಲಾದೊಡನೆ ಹೊರಗೆ ನಿಂತವನಿಗೆ ಮನೆಯ ಒಳಗೆಲ್ಲ ನಾಟಕದ ರಂಗದಂತೆ ಕಾಣತೊಡಗಿತು. ರಂಗವೆಂದ ಮೇಲೆ ತೆರೆ ಬೇಡವೆ? ನಮ್ಮ ಹಳ್ಳಿಗಳಲ್ಲಿ ಪರದೆಯನ್ನು ಹೊಲಿಸಿದ್ದು ಶೋಕಿಗಿಂತ ಹೆಚ್ಚಾಗಿ ವಿದ್ಯುತ್ತಿನ ಬಲ್ಬು ಎಂದೇ ನನ್ನ ಎಣಿಕೆ.

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ, ಮುಂಬಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ಹೂವಿನ ಚಿತ್ರದ ಬಟ್ಟೆ ತಂದು ನಾಲ್ಕು ಕಿಟಕಿಗೂ ಪರದೆ ಕಟ್ಟಿದರು. ಮನೆಯವರೆಲ್ಲ ಹಿಗ್ಗಿದರು. ಅಜ್ಜಿ ಮಾತ್ರ ಬಟ್ಟೆಯ ಅಂಚನ್ನು ಬೆರಳಿನಲ್ಲಿ ಹಿಡಿದು ನೋಡಿ, "ಇದನ್ನು ಒಗೆಯುವವರು ಯಾರು?" ಎಂದಳು. ಪ್ರಶ್ನೆ ಸಣ್ಣದಲ್ಲ. ಹಳತಾದ ತಟ್ಟಿಯನ್ನು ಒಲೆಗೆ ಹಾಕಿದರೆ ಮುಗಿಯಿತು. ಹೊಸತಕ್ಕೆ ಗಂಡಸರೂ ಕೈಹಾಕಿ ಮಡಲು ಇಳಿಸಿ ಕೊಡುತ್ತಿದ್ದರು. ಪರದೆಗೆ ಹಾಗಿಲ್ಲ. ಅದನ್ನು ಬಾವಿಕಟ್ಟೆಗೆ ಹೊತ್ತು, ನೀರು ಸೇದಿ, ಕಲ್ಲಿಗೆ ಬಡಿದು, ಹಿಂಡಿ ಒಣಗಿಸಬೇಕು. ಮನೆಗೆ ಬಂದ ಒಂದೊಂದು ಹೊಸ ಸೊಗಸೂ ಹೆಂಗಸಿನ ಬೆನ್ನಿನ ಮೇಲೆ ಒಂದು ಹೊಸ ಹೊರೆಯಾಗಿ ಇಳಿದುದನ್ನು ಇತಿಹಾಸದ ಪುಸ್ತಕಗಳು ಬರೆಯುವುದು ಕಡಮೆ.

ಅಜ್ಜಿ ಅದಕ್ಕೊಂದು ಉಪಾಯ ಕಂಡುಕೊಂಡಳು. ಮಳೆ ಹಿಡಿಯಿತೆಂದರೆ ಪರದೆಗಳನ್ನೆಲ್ಲ ಬಿಚ್ಚಿ ಮಡಚಿ ಪೆಟ್ಟಿಗೆಯಲ್ಲಿಡುವಳು, "ಬೂಸು ಹಿಡಿದ ಬಟ್ಟೆಯನ್ನು ಯಾರು ನೋಡಬೇಕು?" ಅವು ಮತ್ತೆ ಕಿಟಕಿಗೆ ಏರುವುದು ಮುಂದಿನ ಬೇಸಗೆಯಲ್ಲಿ, ಒಗೆದು ಒಣಗಿಸಿ, ಬಿಸುವಿನ ಮುನ್ನಾದಿನ. ಆಗ ನಮಗೆ ಅದು ಮುದುಕಿಯ ಹಟವೆನಿಸಿತ್ತು. ಈಗ ಯೋಚಿಸಿದರೆ, ತಟ್ಟಿಯ ಪಂಚಾಂಗವನ್ನೇ ಅವಳು ತಿರುಗಿಸಿ ಪರದೆಗೆ ಬಳಸಿದ್ದಳು. ತಟ್ಟಿ ಮಳೆಗೆ ಏರಿ ಬಿಸಿಲಿಗೆ ಇಳಿಯುತ್ತಿತ್ತು. ಪರದೆ ಬಿಸಿಲಿಗೆ ಏರಿ ಮಳೆಗೆ ಇಳಿಯಿತು. ಮಳೆಗಾಲದ ನಾಲ್ಕು ತಿಂಗಳು ತನ್ನ ನಾಲ್ಕು ಕಿಟಕಿಗಳಲ್ಲಿ ಮರೆಯಿಲ್ಲದೆ ಮಳೆ ನೋಡುತ್ತ ಅಡಿಕೆ ಸುಲಿಯುತ್ತಿದ್ದಳು. ತಟ್ಟಿಯ ಹಿಂದಿನ ಕತ್ತಲೆಯಲ್ಲಿ ಮೂವತ್ತು ಮಳೆಗಾಲ ಕಳೆದವಳಿಗೆ ಅದೆಷ್ಟು ದೊಡ್ಡ ನೋಟವಾಗಿತ್ತೆಂಬುದು ನಮಗಾಗ ತಿಳಿಯಲಿಲ್ಲ.

ಅಜ್ಜಿ ತೀರಿಕೊಂಡು ಹಲವು ವರ್ಷವಾಯಿತು. ನಾನೀಗ ನಗರದ ಬಾಡಿಗೆ ಮನೆಯ ಒಕ್ಕಲು. ಗೋಡೆಗೆ ಮೊಳೆ ಹೊಡೆಯಬಾರದೆಂದು ಕರಾರುಪತ್ರದಲ್ಲಿಯೇ ಉಂಟು. ಪರದೆಯ ಕೋಲುಗಳು ಹಿಂದಿನ ಬಾಡಿಗೆದಾರರು ಬಿಟ್ಟುಹೋದವು. ಆದರೂ ಬಿಸುವಿಗೆ ಮುಂಚೆ ಈ ಮನೆಯನ್ನು ತೊಳೆಯುತ್ತೇವೆ. ಈ ಸಲ ಗಾಜು ಒರಸಿ ಮುಗಿಸಿದ ಮೇಲೆ ಪರದೆಗಳ ರಾಶಿಯನ್ನು ಕಂಡು ಮನೆಯಾಕೆಗೆ, "ಒಗೆಯುವುದೂ ನಾನೇ" ಎಂದೆ. ಅವಳು ನಂಬಲಿಲ್ಲ. ಯಂತ್ರವಿದ್ದರೂ ನಾಲ್ಕು ಸಲ ಹೊರೆ ಹೊತ್ತು ತಾರಸಿಗೆ ಏರುವಷ್ಟರಲ್ಲಿ ನನ್ನ ಸೊಂಟ ಹಿಡಿದಿತ್ತು. ಅಜ್ಜಿ ಕೇಳಿದ ಪ್ರಶ್ನೆಗೆ ನಮ್ಮ ಮನೆಯ ಗಂಡಸರಿಂದ ಮೊದಲ ಉತ್ತರ ಹೋಗಲು ಇಷ್ಟು ವರ್ಷ ಹಿಡಿಯಿತು.