ಎಲಿಜಬೆತ್‌ಕಿಂಗಿಯಾ ಮೆನಿಂಗೋಸೆಪ್ಟಿಕಾ

ಎಲಿಜಬೆತ್‌ಕಿಂಗಿಯಾ ಮೆನಿಂಗೋಸೆಪ್ಟಿಕಾ ನವಜಾತ ಶಿಶುಗಳಲ್ಲಿ, ಅದರಲ್ಲೂ ದಿನ ತುಂಬದೆ ಹುಟ್ಟಿದ ಕೂಸುಗಳಲ್ಲಿ, ಮಿದುಳುಪೊರೆಯ ಉರಿಯೂತ ಅಂದರೆ ಮೆನಿಂಜೈಟಿಸ್ ಉಂಟುಮಾಡುವ ಬ್ಯಾಕ್ಟೀರಿಯಾ. ಮಣ್ಣು ಮತ್ತು ನೀರು ಇದರ ಸಹಜ ನೆಲೆ. ಆರೋಗ್ಯವಂತರನ್ನು ಇದು ಕಾಡುವುದು ಅಪರೂಪ. ಬಳಕೆಯಲ್ಲಿರುವ ಬಹುಪಾಲು ಆ್ಯಂಟಿಬಯೋಟಿಕ್‌ಗಳಿಗೆ ಇದು ಬಗ್ಗುವುದಿಲ್ಲ.

ಪತ್ತೆ ಮತ್ತು ಹೆಸರು

1950ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳ ಶಿಶು ವಾರ್ಡ್‌ಗಳಲ್ಲಿ ಒಂದರ ಹಿಂದೊಂದು ಮಗುವಿಗೆ ಮೆನಿಂಜೈಟಿಸ್ ತಗಲಿದ ಘಟನೆಗಳು ನಡೆದವು. ಆ ಮಕ್ಕಳಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಆಗ ಗೊತ್ತಿದ್ದ ಯಾವ ಜಾತಿಗೂ ಸೇರುತ್ತಿರಲಿಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ವಿಜ್ಞಾನಿ ಎಲಿಜಬೆತ್ ಕಿಂಗ್ ಇಂಥ ಗುರುತು ಸಿಗದ ಜೀವಿಗಳನ್ನೇ ಆಸ್ಥೆಯಿಂದ ಅಭ್ಯಾಸ ಮಾಡುತ್ತಿದ್ದವರು. 1959ರಲ್ಲಿ ಅವರು ಇದನ್ನು ವಿವರವಾಗಿ ವರ್ಣಿಸಿ ಫ್ಲೇವೋಬ್ಯಾಕ್ಟೀರಿಯಂ ಮೆನಿಂಗೋಸೆಪ್ಟಿಕಂ ಎಂದು ಕರೆದರು. ಮೊದಲ ಪದ ಹಳದಿ ಬಣ್ಣವನ್ನು ಸೂಚಿಸಿದರೆ, ಎರಡನೆಯದು ಮೆನಿಂಜೈಟಿಸ್ ಮತ್ತು ರಕ್ತದ ನಂಜನ್ನು ಸೂಚಿಸುತ್ತದೆ. 1994ರಲ್ಲಿ ಇದು ಕ್ರೈಸಿಯೋಬ್ಯಾಕ್ಟೀರಿಯಂ ಕುಲಕ್ಕೆ ಸೇರಿತು. 2005ರಲ್ಲಿ ಹೊಸ ಕುಲವೊಂದನ್ನು ರೂಪಿಸಿ ಅದಕ್ಕೆ ಕಿಂಗ್ ಅವರ ಹೆಸರನ್ನೇ ಇಡಲಾಯಿತು. ಆ ಗೌರವ ಸಂದಾಗ ಅವರು ತೀರಿಕೊಂಡು 39 ವರ್ಷಗಳಾಗಿದ್ದವು.

ರೋಗ

ದೊಡ್ಡವರ ಮೆನಿಂಜೈಟಿಸ್‌ನಲ್ಲಿ ಕತ್ತು ಸೆಟೆದುಕೊಳ್ಳುತ್ತದೆ. ಹಸುಗೂಸಿನಲ್ಲಿ ಅಷ್ಟು ಸ್ಪಷ್ಟ ಲಕ್ಷಣ ಸಾಮಾನ್ಯವಾಗಿ ಇರುವುದಿಲ್ಲ. ಮಗು ಹಾಲು ಚೀಪುವುದನ್ನು ಬಿಡುತ್ತದೆ, ಮಂಕಾಗುತ್ತದೆ. ಮೈ ಸುಡಬಹುದು, ತಣ್ಣಗೂ ಆಗಬಹುದು. ಮುಂದೆ ನೆತ್ತಿ ಉಬ್ಬಬಹುದು, ಫಿಟ್ಸ್ ಬರಬಹುದು. ಬೆನ್ನಿನಿಂದ ತೆಗೆದ ದ್ರವವನ್ನು ಪರೀಕ್ಷಿಸಿದಾಗಲೇ ಕಾಯಿಲೆ ಖಚಿತವಾಗುತ್ತದೆ. ಪ್ರಯೋಗಾಲಯದಲ್ಲಿ ರಕ್ತ ಬೆರೆಸಿದ ಅಗಾರ್ ತಟ್ಟೆಯ ಮೇಲೆ ಇದು ಚೆನ್ನಾಗಿ ಬೆಳೆಯುತ್ತದೆ. ಪಕ್ಕದಲ್ಲಿಟ್ಟ ಮ್ಯಾಕಾಂಕಿ ಎಂಬ ಇನ್ನೊಂದು ಬಗೆಯ ಅಗಾರ್ ತಟ್ಟೆ ಸಾಮಾನ್ಯವಾಗಿ ಖಾಲಿ ಉಳಿಯುತ್ತದೆ. ಬದುಕುಳಿದ ಎಷ್ಟೋ ಮಕ್ಕಳಲ್ಲಿ ತಲೆಯೊಳಗೆ ನೀರು ತುಂಬಿಕೊಳ್ಳುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ.

ಔಷಧ ನಿರೋಧ

ಔಷಧಗಳ ಅತಿಬಳಕೆಯಿಂದ ನಿರೋಧ ಗಳಿಸಿಕೊಂಡ ಬ್ಯಾಕ್ಟೀರಿಯಾಗಳು ಹಲವು. ಇದರ ನಿರೋಧ ಬಹುಮಟ್ಟಿಗೆ ಹುಟ್ಟುಗುಣ. ಬ್ಲಾಬಿ ಮತ್ತು ಗಾಬ್ ಎಂಬ ಎರಡು ಕಿಣ್ವಗಳ ವಂಶವಾಹಿಗಳು ಇದರ ಸ್ವಂತ ವರ್ಣತಂತುವಿನಲ್ಲೇ ಇವೆ. ಕಡೆಯ ಅಸ್ತ್ರವೆಂದು ಕಾಪಿಟ್ಟುಕೊಂಡ ಕಾರ್ಬಪೆನೆಮ್ ಔಷಧಗಳನ್ನೂ ಅವು ಒಡೆದುಹಾಕುತ್ತವೆ. ಕೊಲಿಸ್ಟಿನ್ ಕೂಡ ನಾಟುವುದಿಲ್ಲ. ನವಜಾತ ಶಿಶುವಿಗೆ ಸೋಂಕು ಎಂದೊಡನೆ ಕೊಡುವ ಆ್ಯಂಪಿಸಿಲಿನ್, ಜೆಂಟಮೈಸಿನ್ ಜೋಡಿ ಸಾಮಾನ್ಯವಾಗಿ ಸೋಲುತ್ತದೆ. ಸರಿಯಾದ ಔಷಧಕ್ಕಾಗಿ ಕಲ್ಚರ್ ವರದಿಗೆ ಕಾಯುವ ಹೊತ್ತಿನಲ್ಲೇ ಮಿದುಳಿಗೆ ಪೆಟ್ಟಾಗಿರಬಹುದು. ರಿಫಾಂಪಿಸಿನ್, ಕ್ವಿನೊಲೋನ್‌ಗಳು, ಕೋಟ್ರೈಮಾಕ್ಸಜೋಲ್, ಮಿನೋಸೈಕ್ಲಿನ್ ಕೆಲವೊಮ್ಮೆ ಫಲ ಕೊಡುತ್ತವೆ. ಇವುಗಳಲ್ಲಿ ಹಲವನ್ನು ಎಳೆಗೂಸಿಗೆ ಕೊಡಲು ವೈದ್ಯರು ಸಹಜವಾಗಿಯೇ ಹಿಂಜರಿಯುತ್ತಾರೆ. ಗ್ರಾಂ ಪಾಸಿಟಿವ್ ಜೀವಿಗಳಿಗೆ ಮೀಸಲಾದ ವ್ಯಾಂಕೊಮೈಸಿನ್ ಅನ್ನು ಈ ಗ್ರಾಂ ನೆಗೆಟಿವ್ ಜೀವಿಯ ಮೇಲೆ ಬಳಸಿದ್ದೂ ಉಂಟು. ಅದರ ಉಪಯೋಗದ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ.

ಮೂಲದ ಹುಡುಕಾಟ

ಹಾವಳಿಗಳ ಬೆನ್ನು ಹತ್ತಿದವರು ಮತ್ತೆ ಮತ್ತೆ ಬಂದು ನಿಂತದ್ದು ನೀರಿನ ಬಳಿ: ಸಿಂಕ್, ನಲ್ಲಿ, ತೇವ ಉಳಿದ ಉಪಕರಣ. ಕ್ಲೋರಿನ್ ಹಾಕಿದ ನೀರಿನಲ್ಲೂ ಇದು ಬದುಕುತ್ತದೆ. ನಲ್ಲಿಯ ಬಾಯಿಗೆ ಹಾಕುವ ಜಾಲರಿಯಲ್ಲಿ ಲೋಳೆಯಾಗಿ ಅಂಟಿಕೊಳ್ಳುತ್ತದೆ. 2012ರಲ್ಲಿ ಸಿಂಗಪುರದ ತೀವ್ರ ನಿಗಾ ಘಟಕಗಳಲ್ಲಿ ಹಾವಳಿಯಾದಾಗ ಜಾಲರಿಗಳಲ್ಲೇ ಬ್ಯಾಕ್ಟೀರಿಯಾ ಸಿಕ್ಕಿತು. ಕೈ ತೊಳೆಯಲೆಂದು ಇಟ್ಟ ಸಿಂಕ್‌ಗಳಿಗೆ ರೋಗಿಗಳ ದ್ರವತ್ಯಾಜ್ಯವನ್ನೂ ಸುರಿಯಲಾಗುತ್ತಿತ್ತು.

2011ರಲ್ಲಿ ಅನಾಫಿಲೀಸ್ ಸೊಳ್ಳೆಯ ಕರುಳಿನಲ್ಲಿ ಸಿಕ್ಕ ಸೋದರ ಜಾತಿಗೆ ಎಲಿಜಬೆತ್‌ಕಿಂಗಿಯಾ ಅನಾಫಿಲಿಸ್ ಎಂಬ ಹೆಸರು ಬಂತು. ಸೊಳ್ಳೆಯೇ ರೋಗ ಹರಡುತ್ತದೆಯೆಂಬ ಶಂಕೆ ಮೂಡಿತಾದರೂ ಅದು ಸಾಬೀತಾಗಲಿಲ್ಲ. ಹಾಂಗ್‌ಕಾಂಗ್‌ನಲ್ಲಿ ಈ ಸೋದರ ಜಾತಿ ತಾಯಿಯಿಂದಲೇ ಮಗುವಿಗೆ ಹರಡಿದ್ದಕ್ಕೆ 2015ರಲ್ಲಿ ಪುರಾವೆ ದೊರೆಯಿತು. ಪೂರ್ಣ ಜೀನೋಮ್ ಓದುವ ವಿಧಾನ ಬಂದ ಮೇಲೆ, ಹಿಂದೆ ಮೆನಿಂಗೋಸೆಪ್ಟಿಕಾ ಎಂದು ಬರೆದಿಟ್ಟ ಎಷ್ಟೋ ಪ್ರಕರಣಗಳು ಅನಾಫಿಲಿಸ್‌ನವು ಎಂದು ತಿಳಿಯಿತು.

ತಡೆ

ಇದಕ್ಕೆ ಲಸಿಕೆಯಿಲ್ಲ. ಹೆಸರು ಎರಡು ಬಾರಿ ಬದಲಾದರೂ ಕಾಪಾಡುವ ದಾರಿ ಬದಲಾಗಿಲ್ಲ. ಕೂಸಿನ ಬಳಕೆಗೆ ಕ್ರಿಮಿಶುದ್ಧ ನೀರು, ಕಾಲಕಾಲಕ್ಕೆ ಬದಲಿಸಿದ ಜಾಲರಿ, ತೊಟ್ಟಿಲಿನಿಂದ ದೂರವಿರುವ ಸಿಂಕ್, ಮಗುವನ್ನು ಮುಟ್ಟುವ ಮುನ್ನ ಶುಚಿಯಾದ ಕೈ: ಔಷಧ ಕೈಕೊಡುವ ಈ ಕಾಯಿಲೆಯಲ್ಲಿ ಮಗುವಿನ ಮೊದಲ ಚಿಕಿತ್ಸೆ ಇವೇ.